ಹಾಡಿನ ಮೂಲ

ಜನಪ್ರಿಯವಾದ ಗೀತೆಯೊಂದರ ಮೂಲವನ್ನು ಅರಸಹೊರಟವರು ಬರೆದವನ ಹೆಸರನ್ನೋ ರಾಗ ಕೂಡಿಸಿದವನ ಹೆಸರನ್ನೋ ಕಂಡೊಡನೆ ತೃಪ್ತರಾಗಿ ನಿಂತುಬಿಡುವುದುಂಟು. ಆದರೆ ಭಕ್ತಿಯ ಆವರಣದಲ್ಲಿ ಹುಟ್ಟಿ ಸಂತೆಯ ಧ್ವನಿವರ್ಧಕದವರೆಗೆ ನಡೆದುಬಂದ ಹಾಡಿನ ವಿಷಯದಲ್ಲಿ ಅಷ್ಟಕ್ಕೇ ಪ್ರಶ್ನೆ ತೀರುವುದಿಲ್ಲ. ಅಮೆರಿಕದಲ್ಲಿ ರೇ ಚಾರ್ಲ್ಸ್ 1954ರಲ್ಲಿ ಚರ್ಚಿನ ಸ್ತೋತ್ರದ ಧಾಟಿಗೆ ಲೌಕಿಕ ಪ್ರೇಮದ ಮಾತನ್ನು ತೊಡಿಸಿದಾಗ, ದೇವರ ಪೀಠದಲ್ಲಿ ಹೆಣ್ಣನ್ನು ಕೂರಿಸಿದನೆಂದು ಆಸ್ತಿಕರು ಮುನಿದರು. ಸೋಲ್ ಎಂದು ಹೆಸರಾದ ಗಾಯನಪದ್ಧತಿ ಬೆಳೆದುದು ಬಹುಮಟ್ಟಿಗೆ ಅಂಥ ಅಪಚಾರಗಳಿಂದಲೇ.

ಶಿಶುನಾಳ ಷರೀಫರು (1819–1889) ಹಿಡಿದ ದಾರಿ ಇದಕ್ಕೆ ವಿಲೋಮವಾದುದು. ಸೋರುವ ಮಾಳಿಗೆ, ತಿರುಗುವ ಗಿರಣಿ, ಕೋಡಗವನ್ನು ನುಂಗುವ ಕೋಳಿ, ಹೀಗೆ ಕಣ್ಣೆದುರಿನ ಲೋಕದ ಸರಕನ್ನೆತ್ತಿ ಅವರು ಅದರೊಳಗೆ ಆತ್ಮವಿಚಾರವನ್ನು ಇರಿಸಿದರು. ಅವರ ಗುರು ಗೋವಿಂದಭಟ್ಟರು ಕಳಸದವರು. ಆ ಕಳಸ ಕುಂದಗೋಳದ ಕಡೆಯದು, ಮಲೆನಾಡಿನಲ್ಲಿ ಸಂಸೆಗೆ ನೆರೆಯದಾದ ನಮ್ಮ ಕಳಸವಲ್ಲ, ಹೆಸರಿನ ನಂಟು ಹೇಳಿಕೊಂಡು ಹಿಗ್ಗುವ ಬಾಂಧವರು ಕ್ಷಮಿಸಬೇಕು. ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಬಂದ ಈ ಪದಗಳನ್ನು ಸಿ. ಅಶ್ವತ್ಥರು (1939–2009) ವಾದ್ಯವೃಂದದ ನಡುವೆ ತಮ್ಮ ಏರುಕಂಠದಿಂದ ಹಾಡಿ, ಕ್ಯಾಸೆಟ್ಟುಗಳ ಮೂಲಕವೂ, 1990ರಲ್ಲಿ ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಷರೀಫ’ ಚಿತ್ರದ ಮೂಲಕವೂ ನಾಡಿಗೆಲ್ಲ ಹಂಚಿದರು.

ತತ್ತ್ವಪದವು ಪೇಟೆಯ ಪದಾರ್ಥವಾಯಿತೆಂದು ಕೊರಗುವವರಿದ್ದಾರೆ. ಪಾವಿತ್ರ್ಯಭಂಗದ ಆ ಆಕ್ಷೇಪ ನನಗೆ ಒಪ್ಪಿಗೆಯಾಗದು. ಮನೆವಾರ್ತೆಯಿಂದ ಎರವಲಾಗಿ ಹೋದದ್ದು ಮರಳಿ ಅಡುಗೆಮನೆಯ ರೇಡಿಯೋದಲ್ಲಿ ಕೇಳಿಸಿದರೆ ಕೆಡುವುದಾದರೂ ಏನು? ಸೋರುವ ಮಾಳಿಗೆಯ ಪದವನ್ನೇ ನೋಡಿ. ಮಾಳಿಗೆಯೆಂದರೆ ಧಾರವಾಡದ ಸೀಮೆಯ ಮಟ್ಟಸವಾದ ಮಣ್ಣಿನ ಮೇಲ್ಮುದ್ದೆ. ಬಿರುಕು ಬಿಟ್ಟಲ್ಲಿ ನೀರು ನಿಂತು ಇಳಿಯುತ್ತದೆ. ಸಂಸೆಯ ಮಳೆಗೆ ಅಂಥದು ಒಂದು ವಾರವೂ ತಾಳದು. ಇಲ್ಲಿ ಮಾಡೆಲ್ಲ ಇಳಿಜಾರು, ಹೊದಿಕೆ ಹಂಚು. ಆದರೂ ಆಷಾಢದ ಗಾಳಿಗೆ ಹಂಚು ಸರಿದ ಲೈನು ಮನೆಯಲ್ಲಿ, ಚಾಪೆಯನ್ನು ಮೂಲೆಗೆಳೆದು, ತೊಟ್ಟಿಕ್ಕುವೆಡೆಗೆ ಅಲ್ಯೂಮಿನಿಯಂ ಪಾತ್ರೆಯನ್ನಿಟ್ಟು, ಚಹದ ಸೊಪ್ಪು ಕೊಯ್ದು ದಣಿದ ಕೈಗಳನ್ನು ಒಲೆಯ ಮುಂದೆ ಕಾಯಿಸಿಕೊಳ್ಳುವ ಹೆಂಗಸಿಗೆ ಆ ಪದದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹುಟ್ಟಿದ ನೆಲವೊಂದೇ ಮೂಲವೆನಿಸುವುದಾದರೆ ಹಾಡು ಈ ಗುಡ್ಡಗಳಲ್ಲಿ ಪರದೇಶಿಯಾಗಬೇಕಿತ್ತು; ಕೇಳುವವರ ಬಾಳು ತನ್ನನ್ನು ಅದರಲ್ಲಿ ಗುರುತಿಸಿಕೊಂಡ ಕಡೆಯಲ್ಲೆಲ್ಲ ಅದು ಮತ್ತೊಮ್ಮೆ ಮೊದಲಾಗುತ್ತದೆಂದೇ ಹೇಳಬೇಕು.

ಆದ ನಷ್ಟ ಬೇರೆಯದು, ಅದನ್ನು ಮರೆಮಾಚಲಾಗದು. ಭಜನೆಯಲ್ಲಿ ಒಬ್ಬನು ಸಾಲನ್ನೆತ್ತಿದರೆ ಮಿಕ್ಕವರು ಅದನ್ನು ತಿರುಗಿ ನುಡಿಯುತ್ತಾರೆ. ಆ ಬಿಡುವಿನಲ್ಲಿ ಅರ್ಥ ಇಳಿಯಲು ಅವಕಾಶವುಂಟು, ಬೇಸರವಾದರೆ ಧಾಟಿ ಬದಲಿಸುವ ಸ್ವಾತಂತ್ರ್ಯವೂ ಉಂಟು. ಧ್ವನಿಮುದ್ರಣವು ಒಂದೇ ಗತಿಯನ್ನು ಪ್ರಮಾಣವೆಂದು ಸ್ಥಾಪಿಸಿ, ಮರುನುಡಿಯಬೇಕಾದವರನ್ನು ಬರಿಯ ಶ್ರೋತೃಗಳನ್ನಾಗಿಸಿತು. ಮಲೆನಾಡಿನ ಭಜನಾಮಂಡಳಿಗಳವರು ಅಶ್ವತ್ಥರ ಧಾಟಿಯನ್ನೇ ಹಿಡಿಯಲಿ, ಬೇಡವೆನ್ನೆನು. ಪಲ್ಲವಿಯನ್ನು ಮಾತ್ರ ಕೂಡಿದವರೆಲ್ಲರ ಬಾಯಿಗೆ ಬಿಟ್ಟುಕೊಡಲಿ.