ಚೆಲ್ಲುವುದು ತ್ಯಾಗವಲ್ಲ

ಕೊಟ್ಟಿದ್ದನ್ನು ತಿರುಗಿ ಬಯಸಬಾರದು ಎಂದು ಕುರುಗೋಡಿನ ದೊಡ್ಡಬಸಪ್ಪನ ಗುಡಿಯ ಹತ್ತಿರ ಕೂತ ಹಿರಿಯರು ಹೇಳುತ್ತಾರೆ. ಸಿರುಗುಪ್ಪದ ರೈಸ್‌ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುವ ನನಗೆ ಆ ಮಾತು ಅರ್ಧವೇ ಅನ್ನಿಸುತ್ತದೆ. ಬಯಸಬಾರದು, ನಿಜ. ಬಯಸದೆಯೇ ಬಂದದ್ದನ್ನು ಮೋರಿಗೆ ಬಿಡಬಹುದೆ?

ಮಿಲ್ಲಿನಲ್ಲಿ ಸ್ಟೀಮಿಗೆ ಎರಡು ದಾರಿ. ಭತ್ತ ಬೇಯಿಸುವ ಟ್ಯಾಂಕಿಗೆ ಹೋದದ್ದು ನೆನೆದ ಕಾಳಿನ ನಡುವೆ ನುಗ್ಗಿ, ಅಲ್ಲೇ ನೀರಾಗಿ ಬೆರೆತುಹೋಗುತ್ತದೆ. ಅದನ್ನು ವಾಪಸು ಕೇಳುವಂತಿಲ್ಲ. ಡ್ರೈಯರಿನ ಕಾಯಿಲ್‌ಗೆ ಹೋದದ್ದು ಕೊಳವೆಯೊಳಗೇ ಇದ್ದು, ಹೊರಗಿನ ಗಾಳಿಗೆ ತನ್ನ ಬಿಸಿ ಕೊಟ್ಟು, ನೀರಾಗಿ ಸ್ಟೀಮ್ ಟ್ರ್ಯಾಪಿನಿಂದ ಇಳಿಯುತ್ತದೆ. ಮೊದಲನೆಯದು ಐಕ್ಯ. ಎರಡನೆಯದು ಪ್ರಸಾದ: ಅರ್ಪಿಸಿದ ಪದಾರ್ಥವೇ ಮರಳಿ ಬಂದದ್ದು. ಶರಣರು ಹೇಳುವ ಷಟ್‌ಸ್ಥಲದ ಆರು ಮೆಟ್ಟಿಲುಗಳಲ್ಲಿ ಐಕ್ಯ ಆರನೆಯದು, ಪ್ರಸಾದಿ ಮೂರನೆಯದು. ಆರನೆಯ ಮೆಟ್ಟಿಲಿನ ಗುಂಗಿನಲ್ಲಿ ಮೂರನೆಯದನ್ನು ಹಾರಿಹೋಗುವವರೇ ಹೆಚ್ಚು.

ಟ್ರ್ಯಾಪಿನಿಂದ ಇಳಿದ ಆ ನೀರಲ್ಲಿ ಏನಿದೆ? ಏಳು ಬಾರ್ ಒತ್ತಡದಲ್ಲಿ ಸ್ಟೀಮಿನ ಬಿಸಿ ಸುಮಾರು 170 ಡಿಗ್ರಿ. ಅದು ನೀರಾದ ಮೇಲೂ ಒಟ್ಟು ಶಾಖದ ಕಾಲುಭಾಗ ನೀರಿನಲ್ಲೇ ಉಳಿದಿರುತ್ತದೆ. ಬಯಲಿಗೆ ಬಿಟ್ಟರೆ ನೂರಕ್ಕೆ ಹದಿಮೂರು ಪಾಲು ಮತ್ತೆ ಆವಿಯಾಗಿ ಹಾರಿಹೋಗುತ್ತದೆ. ಬಾಯ್ಲರಿಗೆ ಊಡುವ ನೀರು ಆರು ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಉರುವಲು ಸುಮಾರು ನೂರಕ್ಕೊಂದು ಪಾಲು ಉಳಿಯುತ್ತದೆ. ಮೇಲಾಗಿ ಈ ನೀರಿನಲ್ಲಿ ಉಪ್ಪು, ಸುಣ್ಣ ಇಲ್ಲವೆನ್ನುವಷ್ಟು ಕಡಿಮೆ. ಬೋರ್‌ವೆಲ್ ನೀರಾದರೆ ಟ್ಯೂಬಿಗೆಲ್ಲ ಗಾರೆಯಂಥ ಪದರ ಕಟ್ಟುತ್ತದೆ.

"ಅಣ್ಣಾ, ಉರಿಸೋ ಹೊಟ್ಟು ನಮ್ಮ ಮಿಲ್ಲಿಂದೇ, ನೀರು ಬೋರಿಂದು. ಯಾಕಿಷ್ಟು ತಲೆ ಕೆಡಿಸ್ಕೊಂತಿ?" ಎಂದು ಜೊತೆಯ ಹುಡುಗ ಕೇಳುತ್ತಾನೆ. ಹೊಟ್ಟಿಗೂ ಈಗ ಬೆಲೆಯಿದೆ ಎಂದು ಬಾಯಿ ಮುಚ್ಚಿಸಬಹುದು. ಆದರೆ ಬೆಲೆ ಇಲ್ಲದಿದ್ದರೂ ಚೆಲ್ಲಬಾರದೆಂಬ ನನ್ನ ಉತ್ತರ ಬದಲಾಗದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಈ ಸೀಮೆಯ ರೈತರಿಗೆ ನಿದ್ದೆಯಿರಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸುವವರೆಗೂ ಎಲ್ಲರ ಬಾಯಲ್ಲೂ ಪೋಲಾಗುವ ನೀರಿನದೇ ಮಾತು. ನಷ್ಟ ಹಿರಿದಾದರೆ ಎದೆ ಒಡೆಯುತ್ತದೆ, ದಿನಾ ತೊಟ್ಟಿಕ್ಕಿದರೆ ಕಣ್ಣಿಗೇ ಬೀಳುವುದಿಲ್ಲ. ಅಳತೆ ನೋಡಿ ಹುಟ್ಟುವ ಭಕ್ತಿ ಎಂಥ ಭಕ್ತಿ?

ಬಂದದ್ದೆಲ್ಲ ಪ್ರಸಾದವೂ ಅಲ್ಲ. ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳಲ್ಲಿ ಸ್ಟೀಮನ್ನು ನೇರ ಡ್ರಮ್ಮಿಗೇ ಬಿಟ್ಟರೆ ಅದು ಬಣ್ಣ, ಕೆಮಿಕಲ್ಲಿನೊಡನೆ ಸೇರಿಹೋಯಿತು. ಅದನ್ನು ಬಾಯ್ಲರಿಗೆ ತಂದರೆ ಬಾಯ್ಲರೇ ಹಾಳು. ಕಾಯಿಲ್ ತೂತಾಗಿದ್ದರೆ ನಮ್ಮ ನೀರನ್ನೂ ನಂಬಬಾರದು. ಪರೀಕ್ಷಿಸದೆ ಸ್ವೀಕರಿಸುವುದೂ ಪರೀಕ್ಷಿಸದೆ ಚೆಲ್ಲುವುದೂ ಒಂದೇ ಸೋಮಾರಿತನ. ಟ್ರ್ಯಾಪಿನ ಕೆಲಸವೂ ಇದೇ: ಇನ್ನೂ ಕೊಡುವುದಿರುವ ಸ್ಟೀಮನ್ನು ತಡೆದು, ಕೊಟ್ಟು ಮುಗಿಸಿದ ನೀರನ್ನು ಮಾತ್ರ ಬಿಡುವುದು.

ನೀರಿಗೆ ತಾನು ಪ್ರಸಾದವೆಂದು ಗೊತ್ತಿಲ್ಲ. ಗೊತ್ತಿರಬೇಕಾದವನು ವಾಲ್ವ್ ಹಿಡಿದ ಮನುಷ್ಯ. ಪೈಪಿಗೆ ಶಾಖ ತಡೆಯುವ ಹೊದಿಕೆ ಸುತ್ತಿ, ಟ್ರ್ಯಾಪ್ ತಟ್ಟಿ ನೋಡಿ, ನೀರನ್ನು ಫೀಡ್ ಟ್ಯಾಂಕಿಗೆ ಮುಟ್ಟಿಸುವುದು ಅವನ ಕಾಯಕ. ಅದನ್ನು ಜಿಪುಣತನ ಎನ್ನುವವರಿಗೆ ನನ್ನದೊಂದೇ ಪ್ರಶ್ನೆ: ಕೈಯೊಡ್ಡಿ ಪಡೆಯದೇ ಇದ್ದವನು ಬಿಟ್ಟುಕೊಟ್ಟದ್ದಾದರೂ ಏನನ್ನು?