ಆಮೆಗೆ ಅಭಯ ಕೊಡುವುದೆಂದರೆ

ಹರಿಹರದಲ್ಲಿರುವ ನನ್ನ ತಂಗಿಯ ಮಗಳು ಒಂದು ಆಮೆ ಸಾಕಿದ್ದಾಳೆ. ಅಕ್ವೇರಿಯಂ ಅಂಗಡಿಯಿಂದ ತಂದದ್ದು, ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಜಾತಿ. ಬಂದು ಎರಡು ವರ್ಷವಾದರೂ ಅದರ ಅಂಜಿಕೆ ಹೋಗಿಲ್ಲ. ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದು, ಇವಳ ನೆರಳು ಕಂಡರೆ ಸಾಕು, ಧುಡುಮ್ಮನೆ ನೀರಿಗೆ ಬೀಳುತ್ತದೆ. ಕೈಗೆತ್ತಿಕೊಂಡರೆ ತಲೆ ಕಾಲು ಒಳಗೆಳೆದುಕೊಂಡು ಕಲ್ಲಾಗಿಬಿಡುತ್ತದೆ. "ದಿನಾ ಊಟ ಹಾಕೋಳು ನಾನೇ ಅಲ್ವಾ ಮಾವ, ಆದ್ರೂ ನನ್ ಕಂಡ್ರೆ ಯಾಕೆ ಅಷ್ಟು ಭಯ?" ಎನ್ನುವುದು ಅವಳ ಅಳಲು.

ಆ ಅಳಲಿನೊಳಗೆ ಒಂದು ಲೆಕ್ಕವಿದೆ: ನಾನು ಅನ್ನ ಕೊಟ್ಟಿದ್ದೇನೆ, ಬದಲಿಗೆ ನೀನು ನಂಬಿಕೆ ಕೊಡಬೇಕು. ಮನುಷ್ಯರ ನಡುವೆಯೇ ಈ ಲೆಕ್ಕ ಸರಿಹೋಗುವುದು ಅಪರೂಪ. ಆಮೆಯ ಹತ್ತಿರ ಅದನ್ನು ಕೇಳಬಹುದೇ? ಅದಕ್ಕೂ ಮೊದಲಿನ ಪ್ರಶ್ನೆ ಇನ್ನೊಂದಿದೆ. ಒಂದು ಜೀವದ ಭಯವನ್ನು ಬಿಡಿಸುವ ಹಕ್ಕು ನಮಗೆ ಯಾವಾಗ ಬರುತ್ತದೆ?

ಮೊದಲು ಆ ಭಯ ಏನೆಂದು ನೋಡೋಣ. ಆಮೆಯ ಚಿಪ್ಪು ಅದು ಹೊತ್ತು ತಿರುಗುವ ಮನೆಯಲ್ಲ, ಅದರ ಮೈಯೇ. ಬೆನ್ನುಮೂಳೆಯೂ ಪಕ್ಕೆಲುಬುಗಳೂ ಚಿಪ್ಪಿನೊಂದಿಗೆ ಬೆಸೆದುಕೊಂಡಿವೆ. ಹಾಗಾಗಿ ನಮ್ಮಂತೆ ಎದೆಗೂಡನ್ನು ಹಿಗ್ಗಿಸಿ ಅದು ಉಸಿರಾಡಲಾರದು. ಥಟ್ಟನೆ ತಲೆ ಒಳಗೆಳೆದುಕೊಂಡಾಗ ಶ್ವಾಸಕೋಶದ ಗಾಳಿ ಹೊರಬಿದ್ದು 'ಹಿಸ್' ಎಂಬ ಸದ್ದು ಬರುತ್ತದೆ. ನಾವು ಅದನ್ನು ಸಿಟ್ಟು ಎಂದುಕೊಳ್ಳುತ್ತೇವೆ. ಅದು ಜಾಗ ಸಾಲದೆ ಹೊರಬಂದ ಉಸಿರು ಅಷ್ಟೇ. ಮರಿಯಾಗಿದ್ದಾಗ ಅದರ ಶತ್ರುಗಳಲ್ಲಿ ಹಲವು ಮೇಲಿನಿಂದ ಎರಗುವ ಹಕ್ಕಿಗಳು. ಆದ್ದರಿಂದ ಪ್ರೀತಿಯಿಂದಲೇ ಚಾಚಿದ್ದರೂ, ಮೇಲಿನಿಂದ ಇಳಿದು ಬರುವ ಕೈ ಅದರ ಕಣ್ಣಿಗೆ ಹದ್ದು. ನೆಲದಿಂದ ಎತ್ತಿದಾಗ ಕಾಲಿಗೆ ಆಸರೆ ತಪ್ಪುತ್ತದೆ. ಎತ್ತಿದವರ ಮನಸ್ಸಿನಲ್ಲಿ ಏನಿದೆಯೆಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಈ ಭಯ ಅದರ ಹಿರಿಯರನ್ನು ಕಾಪಾಡಿದ ಬುದ್ಧಿ.

ಹಾಗಿದ್ದರೆ ಬಿಟ್ಟುಬಿಡುವುದೇ ಧರ್ಮವಲ್ಲವೇ? ನಮ್ಮವ್ವ ಅದನ್ನೇ ಹೇಳಿದಳು: "ಅಮಾಸಿಗೆ ಉಕ್ಕಡಗಾತ್ರಿಗೆ ಹೋಗ್ತೀರಲ್ಲ, ಹೊಳಿಗೆ ಬಿಟ್ಟು ಬರ್ರಿ. ಅದಕ್ಕೂ ಬಿಡುಗಡಿ, ನಿಮಗೂ ಪುಣ್ಯ." ಉಕ್ಕಡಗಾತ್ರಿ ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದಲ್ಲಿರುವ ಊರು, ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯ ಊರು. ಗಾಳಿ ಸೋಕಿದೆ, ಏನೋ ಕಂಡು ಅಂಜಿಕೊಂಡಿದ್ದಾರೆ ಎಂದು ಮನೆಯವರು ಕರೆತಂದವರು ಅಲ್ಲಿ ಹೊಳೆಯಲ್ಲಿ ಮಿಂದು ಗದ್ದುಗೆಗೆ ಹೋಗುತ್ತಾರೆ. ಭಯ ಬಿಡಿಸಿಕೊಳ್ಳಲೆಂದೇ ಜನ ಬರುವ ಊರಿಗೆ ಹೆದರಿದ ಆಮೆಯನ್ನೂ ಒಯ್ಯಿರಿ ಎಂದ ಅವ್ವನ ಮಾತಿನಲ್ಲಿ ಕರುಣೆಯಿದೆ.

ಆದರೆ ಆ ಹೊಳೆ ಈ ಆಮೆಯದಲ್ಲ. ಕೆಂಪು ಕಿವಿಯ ಈ ಜಾತಿಯ ಮೂಲ ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆ. ಸಾಕಿ ಬೇಸತ್ತವರು ಕಂಡ ಕಂಡ ಕೆರೆ ಹೊಳೆಗಳಿಗೆ ಬಿಡುತ್ತ ಬಂದು, ಇಂದು ಅದು ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ತುಂಗಭದ್ರೆಗೆ ಅದರದೇ ಆಮೆಗಳಿವೆ. ಬಿಸಿಲಿನ ಜಾಗಕ್ಕೂ ಆಹಾರಕ್ಕೂ ಅವುಗಳ ಜೊತೆ ಇದು ಪೈಪೋಟಿಗಿಳಿಯುತ್ತದೆ, ತೊಟ್ಟಿಯ ರೋಗಗಳನ್ನೂ ಹೊಳೆಗೆ ಒಯ್ಯಬಹುದು. ಒಂದಕ್ಕೆ ಕೊಟ್ಟ ಬಿಡುಗಡೆಯ ಬೆಲೆಯನ್ನು ಉಳಿದವು ತೆರಬೇಕಾದರೆ ಅದು ಪುಣ್ಯದ ಲೆಕ್ಕಕ್ಕೆ ಸೇರುವುದಿಲ್ಲ.

ಇದಕ್ಕೆ ತಿರುಗುಮುರುಗಾದ ಕತೆ ನಕ್ಷತ್ರ ಆಮೆಯದು. ಅದು ನಮ್ಮ ಒಣನಾಡಿನ ಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಚಿಪ್ಪಿನ ಮೇಲಿನ ನಕ್ಷತ್ರದ ಚೆಲುವಿಗಾಗಿಯೂ, ಮನೆಯಲ್ಲಿದ್ದರೆ ಅದೃಷ್ಟ ಎಂಬ ನಂಬಿಕೆಗಾಗಿಯೂ ಅದನ್ನು ಕದ್ದು ಸಾಗಿಸುತ್ತಾರೆ. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಬಂದವು. ಅಕ್ರಮವಾಗಿ ಅಲ್ಲಿಗೆ ಹೋಗಿ ಸಿಕ್ಕಿಬಿದ್ದವನ್ನು ಮತ್ತೆ ಕಾಡಿಗೆ ಸೇರಿಸಬೇಕೆಂದು ಕಳಿಸಿದ್ದರು. ಅಂಥ ಆಮೆಯೊಂದು ಮನುಷ್ಯರ ಕೈಗೆ ಒಗ್ಗಿಹೋಗಿದ್ದರೆ ಏನಾಗುತ್ತದೆ, ಯೋಚಿಸಿ. ಮನೆಯಲ್ಲಿ ಎಲ್ಲರೂ ಮೆಚ್ಚುವ ಆ ಸಲಿಗೆಯೇ ಕುರುಚಲು ಕಾಡಿನಲ್ಲಿ ಅದನ್ನು ಮುಂದಿನ ಕಳ್ಳನ ಚೀಲಕ್ಕೆ ನೂಕುತ್ತದೆ. ಅದಕ್ಕೆ ಮತ್ತೆ ಬೇಕಾದದ್ದು ಭಯ.

ಆದ್ದರಿಂದ ಭಯ ಬಿಡಿಸುವುದು ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೆ ಒಂದೇ ಉತ್ತರವಿಲ್ಲ ಎಂದು ನನಗನ್ನಿಸುತ್ತದೆ. ಆ ಜೀವ ನಾಳೆ ಎಲ್ಲಿ ಬದುಕಬೇಕು ಎಂಬುದರ ಮೇಲೆ ಅದು ನಿಂತಿದೆ. ಹೊಳೆಯ ಆಮೆಗೂ ಕಾಡಿನ ಆಮೆಗೂ ಭಯವೇ ಆಸ್ತಿ. ಅದನ್ನು ಕಸಿಯುವ ಅಧಿಕಾರ ಯಾರಿಗೂ ಇಲ್ಲ. ಗಾಜಿನ ತೊಟ್ಟಿಯ ಆಮೆಗೆ ಹೋಗಲು ಬೇರೆ ಜಾಗವೇ ಇಲ್ಲ. ಇನ್ನೂ ಇಪ್ಪತ್ತು ಮೂವತ್ತು ವರ್ಷ ಅದು ಮನುಷ್ಯರ ನಡುವೆಯೇ ಕಳೆಯಬೇಕು. ದಿನಕ್ಕೆ ಹತ್ತು ಸಲ ಹದ್ದನ್ನು ಕಂಡಂತೆ ಬೆಚ್ಚುತ್ತ ಅಷ್ಟು ವರ್ಷ ಬದುಕುವುದು ಶಿಕ್ಷೆ. ಅದನ್ನು ತಂದವರ ಮೇಲೆ ಆ ಭಯ ಇಳಿಸುವ ಋಣವಿದೆ. ಇದನ್ನು ನಾನು ಹಕ್ಕು ಎನ್ನಲಾರೆ.

ಋಣ ತೀರಿಸಲು ಎರಡು ದಾರಿಗಳಿವೆ, ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ದಿನವೂ ಎತ್ತಿಕೊಂಡು, ಸವರಿ, ಅಭ್ಯಾಸ ಮಾಡಿಸುವುದು ಒಂದು. ಕೆಲವು ವಾರಗಳಲ್ಲಿ ಆಮೆ ತಲೆ ಎಳೆದುಕೊಳ್ಳುವುದನ್ನೇ ನಿಲ್ಲಿಸಬಹುದು. ಆದರೆ ಅದಕ್ಕೆ ಧೈರ್ಯ ಬಂತೋ, ಸಾಕಾಗಿಹೋಯಿತೋ? 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಒಂದು ಕ್ರೂರ ಪ್ರಯೋಗ ಮಾಡಿದರು. ಏನು ಮಾಡಿದರೂ ತಪ್ಪದ ವಿದ್ಯುತ್ ಆಘಾತ ಪಡೆದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ಪಾರಾಗುವ ದಾರಿ ಇದ್ದಾಗಲೂ ಸುಮ್ಮನೆ ಮಲಗಿಬಿಟ್ಟವು. ಹೊರಗಿನಿಂದ ನೋಡಿದರೆ ಅದು ಶಾಂತಿಯಂತೆಯೇ ಇತ್ತು. ಮನೆ, ಶಾಲೆ, ಕಚೇರಿಗಳಲ್ಲೂ ಎಷ್ಟೋ ಜನರನ್ನು ನಾವು 'ಹೊಂದಿಕೊಂಡಿದ್ದಾರೆ' ಎನ್ನುವುದು ಇದೇ ಮೌನವನ್ನು ನೋಡಿ.

ಇನ್ನೊಂದು ದಾರಿ ನಿಧಾನದ್ದು. ತೊಟ್ಟಿಯ ನೀರಿನ ಮಟ್ಟಕ್ಕೆ ಕಣ್ಣು ಬರುವಂತೆ ಕೂರುವುದು. ಎತ್ತದೆ, ಮುಟ್ಟದೆ, ದಿನಾ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಆಹಾರ ಇಡುವುದು. ಅಡಗಲು ಒಂದು ಮರೆ, ಮೈ ಒಣಗಿಸಲು ಬಿಸಿಲು ಬೀಳುವ ಒಂದು ಕಲ್ಲು ಕೊಡುವುದು. ಆಮೆ ತಣ್ಣನೆಯ ರಕ್ತದ ಪ್ರಾಣಿ, ಚಳಿಗೆ ಜಡವಾಗಿ ಮುದುಡಿದ್ದನ್ನು ಎಷ್ಟೋ ಸಲ ನಾವು ಅಂಜಿಕೆ ಎಂದುಕೊಳ್ಳುತ್ತೇವೆ. ತೊಟ್ಟಿ ತೊಳೆಯುವಾಗ ಎತ್ತಲೇಬೇಕಾದರೆ ಮೈ ಪೂರ್ತಿ ಆಸರೆ ಸಿಗುವಂತೆ ಎತ್ತಬೇಕು, ಆಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಇರುತ್ತದೆ. ಇಷ್ಟು ಮಾಡಿ ಕಾಯುವುದು. ಎರಡು ದಾರಿಗಳ ವ್ಯತ್ಯಾಸ ತಿಳಿಯಲು ನನಗೆ ತೋರುವ ಪರೀಕ್ಷೆ ಇದು: ಓಡಿಹೋಗಲು ಅವಕಾಶ ಇದ್ದಾಗಲೂ ಅದು ಉಳಿಯಿತೇ? ಓಡುವ ದಾರಿ ಇಲ್ಲದವರ ನಂಬಿಕೆಯನ್ನು ನಂಬಿಕೆ ಎನ್ನಲು ಬರುವುದಿಲ್ಲ.

ಇಂಗ್ಲೆಂಡಿನ ಸೆಲ್ಬರ್ನ್ ಎಂಬ ಹಳ್ಳಿಯಲ್ಲಿದ್ದ ಪಾದ್ರಿ ಗಿಲ್ಬರ್ಟ್ ವೈಟ್ 1789ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ನೆಲದಾಮೆಯ ಬಗ್ಗೆ ಬರೆದಿದ್ದಾನೆ. ಅದು ಅವನ ಸೋದರತ್ತೆಯದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತನಗೆ ತಿನ್ನಲು ಕೊಟ್ಟ ಆ ಮುದುಕಿ ಕಂಡೊಡನೆ ಅದು ಕುಂಟುತ್ತ ಅವಳ ಕಡೆ ಬರುತ್ತಿತ್ತಂತೆ. ಹೊಸಬರನ್ನು ತಿರುಗಿಯೂ ನೋಡುತ್ತಿರಲಿಲ್ಲವಂತೆ. ಟಿಮೊಥಿ ಎಂದು ಗಂಡು ಹೆಸರಿಟ್ಟಿದ್ದ ಆ ಆಮೆ ಹೆಣ್ಣೆಂದು ತಿಳಿದದ್ದು ಅದು ಸತ್ತ ಮೇಲೆ. ಅಷ್ಟು ವರ್ಷ ಜೊತೆಗಿದ್ದರೂ ಅವರಿಗೆ ಅದು ಪೂರ್ತಿ ಗೊತ್ತಿರಲಿಲ್ಲ, ಆದರೂ ಅದು ನಡೆದು ಬರುತ್ತಿತ್ತು. ಪೂರ್ತಿ ತಿಳಿಯದೆಯೂ ಒಂದು ಜೀವಕ್ಕೆ ನೆಮ್ಮದಿ ಕೊಡಬಹುದು ಎನ್ನಲು ನನಗೆ ಇಷ್ಟು ಸಾಕು.

ಅದು ಬರುವುದು ಪ್ರೀತಿಯಿಂದಲ್ಲ, ಬರಿಯ ಹೊಟ್ಟೆಗಾಗಿ ಎನ್ನಬಹುದು. ಇರಬಹುದು. ಆದರೆ ಈ ಆಕ್ಷೇಪ ಮತ್ತೆ ಹಳೆಯ ಲೆಕ್ಕಕ್ಕೇ ಬಂದು ನಿಲ್ಲುತ್ತದೆ: ನನಗೇನು ಸಿಕ್ಕಿತು? ಆಮೆಯಿಂದ ಪ್ರೀತಿ ಬಂದರೆ ಮಾತ್ರ ಸಹನೆ ಸಾರ್ಥಕ ಎನ್ನುವುದಾದರೆ ಅದು ವ್ಯಾಪಾರ.

ನಮ್ಮ ಆಗಮ-ತಂತ್ರಗಳ ಪರಂಪರೆಯಲ್ಲಿ ದೀಕ್ಷೆಗೆ ಮೂರು ಹೋಲಿಕೆಗಳಿವೆ. ಹಕ್ಕಿ ಮೊಟ್ಟೆಗೆ ಕಾವು ಕೊಟ್ಟು, ಮುಟ್ಟಿ ಸಾಕುತ್ತದೆ. ಮೀನು ನೋಟದಿಂದ ಸಾಕುತ್ತದೆ. ಆಮೆ ದೂರದಲ್ಲಿದ್ದು, ನೆನಪಿನಿಂದಲೇ ಸಾಕುತ್ತದೆ. ಜೀವಶಾಸ್ತ್ರ ಇದನ್ನು ಒಪ್ಪುವುದಿಲ್ಲ, ಮೊಟ್ಟೆಯಿಟ್ಟು ಮಣ್ಣು ಮುಚ್ಚಿದ ಮೇಲೆ ಆಮೆ ಹಿಂತಿರುಗಿ ನೋಡುವುದಿಲ್ಲ. ಆದರೂ ಮುಟ್ಟದೆ ಸಾಕುವುದೂ ಸಾಕುವುದೇ ಎಂದು ಯಾರೋ ಹಿಂದೆಯೇ ಯೋಚಿಸಿದ್ದರಲ್ಲ ಎಂಬುದು ನನಗೆ ದೊಡ್ಡ ವಿಷಯ. ಅಭಯವನ್ನು ಕೊಡುವುದು ನಮ್ಮ ಕೆಲಸ, ತೆಗೆದುಕೊಳ್ಳುವುದು ಬಿಡುವುದು ಪಡೆಯುವವರ ಇಷ್ಟ. ಚಿಪ್ಪಿನಿಂದ ತಲೆ ಯಾವಾಗ ಹೊರಗೆ ಬರಬೇಕೆಂದು ತೀರ್ಮಾನಿಸುವವರು ಚಿಪ್ಪಿನೊಳಗೆ ಇರುವವರೇ.