ಗುಂಡು ಹಾರಿಸುವ ಮುನ್ನ ಒಂದು ಕ್ಷಣ

ಕೊಲ್ಲಲು ಸರಕಾರವೇ ಪರವಾನಗಿ ಕೊಟ್ಟಿದೆ ಎಂದ ಮಾತ್ರಕ್ಕೆ ಕೊಂದದ್ದೆಲ್ಲ ಸರಿಯಾಗುತ್ತದೆಯೇ? 1962ರಲ್ಲಿ ‘ಡಾಕ್ಟರ್ ನೋ’ ಮೂಲಕ ಆರಂಭವಾಗಿ 2021ರ ‘ನೋ ಟೈಮ್ ಟು ಡೈ’ವರೆಗೆ 25 ಚಿತ್ರಗಳಾಗಿ ಬೆಳೆದ ಜೇಮ್ಸ್ ಬಾಂಡ್‌ನ ಅಧಿಕೃತ ಸರಣಿ ಈ ಪ್ರಶ್ನೆಯನ್ನು ಕೇಳಿಕೊಂಡದ್ದು ಅಪರೂಪ. ಕಾರು, ಕೋವಿ, ಸುಂದರಿಯರ ಸಂತೆಯಲ್ಲಿ ಅದಕ್ಕೆ ಪುರುಸೊತ್ತೂ ಇಲ್ಲ. ಆದರೆ 1987ರಲ್ಲಿ ತೆರೆಕಂಡ 15ನೇ ಚಿತ್ರ ‘ದ ಲಿವಿಂಗ್ ಡೇಲೈಟ್ಸ್’ ಆರಂಭದಲ್ಲಿಯೇ ಅದನ್ನು ಕೇಳುತ್ತದೆ. ಜಾನ್ ಗ್ಲೆನ್ ನಿರ್ದೇಶಿಸಿದ ಈ ಚಿತ್ರದಲ್ಲಿ ತಿಮೋಥಿ ಡಾಲ್ಟನ್ ಮೊದಲ ಬಾರಿಗೆ ಬಾಂಡ್ ಆದರು.

ಬ್ರಾಟಿಸ್ಲಾವಾದ ಸಂಗೀತ ಸಭಾಂಗಣ. ಸೋವಿಯತ್ ಜನರಲ್ ಕೋಸ್ಕೋವ್ ಪಕ್ಷಾಂತರ ಮಾಡಿ ಬ್ರಿಟಿಷರ ಕಡೆಗೆ ಬರಲಿದ್ದಾನೆ. ಅವನತ್ತ ಗುರಿಯಿಡುವ ಬಂದೂಕುಧಾರಿಯನ್ನು ಕೊಲ್ಲುವುದು ಬಾಂಡ್‌ನ ಕೆಲಸ. ಕಿಟಕಿಯಲ್ಲಿ ಕಾಣಿಸಿದ್ದು ಒಬ್ಬ ಹೆಣ್ಣುಮಗಳು. ಸ್ವಲ್ಪ ಹೊತ್ತಿಗೆ ಮುಂಚೆ ವೇದಿಕೆಯ ಮೇಲೆ ಚೆಲ್ಲೋ ನುಡಿಸುತ್ತಿದ್ದ ಕಾರಾ. ಇವಳು ಕೋವಿ ಹಿಡಿದು ಪಳಗಿದವಳಲ್ಲ ಎಂದು ಬಾಂಡ್‌ಗೆ ಅನಿಸುತ್ತದೆ. ಅವಳನ್ನು ಕೊಲ್ಲದೆ, ಅವಳ ಕೈಯ ಕೋವಿಗೆ ಮಾತ್ರ ಗುಂಡು ಹಾರಿಸುತ್ತಾನೆ. ಆಜ್ಞೆ ಮೀರಿದ್ದಕ್ಕಾಗಿ ಸಹೋದ್ಯೋಗಿ ಸಿಟ್ಟಾಗುತ್ತಾನೆ.

ನಿಜ ಆಮೇಲೆ ಹೊರಬೀಳುತ್ತದೆ. ಕಾರಾ ಕೋಸ್ಕೋವ್‌ನ ಪ್ರೇಯಸಿ. ಅವಳ ಕೋವಿಯಲ್ಲಿದ್ದದ್ದು ಹುಸಿಗುಂಡು. ತನ್ನ ಪಕ್ಷಾಂತರದ ನಾಟಕ ನಿಜವೆಂದು ತೋರಬೇಕಾದರೆ ಬ್ರಿಟಿಷರ ಕೈಯಲ್ಲಿ ಅವಳು ಸಾಯಬೇಕೆಂದು ಅವನೇ ಅವಳನ್ನು ಅಲ್ಲಿ ನಿಲ್ಲಿಸಿದ್ದ. ಬಾಂಡ್ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದ್ದರೆ ಒಬ್ಬ ಅಮಾಯಕಳ ಕೊಲೆಗಾರನಾಗುತ್ತಿದ್ದ.

ಮುಂದೆ ಕೆಜಿಬಿಯ ಮುಖ್ಯಸ್ಥ ಪುಷ್ಕಿನ್‌ನನ್ನು ಮುಗಿಸುವ ಆದೇಶ ಬರುತ್ತದೆ. ಈ ಆದೇಶಕ್ಕೆ ಆಧಾರ ಅದೇ ಕೋಸ್ಕೋವ್‌ನ ಮಾತು. ನಿನಗೆ ಮನಸ್ಸಿಲ್ಲದಿದ್ದರೆ ಪುಷ್ಕಿನ್‌ನ ಪರಿಚಯವೇ ಇಲ್ಲದ ಇನ್ನೊಬ್ಬನನ್ನು ಕಳಿಸುತ್ತೇನೆ ಎನ್ನುತ್ತಾನೆ ಮೇಲಧಿಕಾರಿ. ಚಿತ್ರದ ಅತ್ಯಂತ ಭಯಾನಕ ಮಾತು ಇದು. ಗುರುತಿಲ್ಲದವನನ್ನು ಕೊಲ್ಲುವುದು ಸುಲಭ. ಬಾಂಡ್ ತಾನೇ ಟಾಂಜಿಯರ್‌ಗೆ ಹೋಗಿ, ಪುಷ್ಕಿನ್‌ನ ಎದುರು ನಿಂತು, ಅವನ ಮಾತು ಕೇಳುತ್ತಾನೆ. ಅನುಮಾನ ಗಟ್ಟಿಯಾಗುತ್ತದೆ. ಕೊನೆಗೆ ನಡೆಯುವುದು ಕೊಲೆಯಲ್ಲ, ಕೊಲೆಯ ನಟನೆ. ತಂದವನು ಯಾರು, ಅವನ ಲಾಭವೇನು ಎಂದು ವಿಚಾರಿಸದೆ ಸುದ್ದಿಯನ್ನು ನಂಬಬಾರದೆಂಬ ವಿವೇಕವನ್ನು ಒಂದು ಸಾಹಸ ಚಿತ್ರ ಇಷ್ಟು ಸ್ಪಷ್ಟವಾಗಿ ಹೇಳಿದ್ದು ಮೆಚ್ಚತಕ್ಕ ಸಂಗತಿ. ಇದು ಈ ಚಿತ್ರದ ನಿಜವಾದ ಶಕ್ತಿ.

ಆದರೆ ಕಥೆ ಅಫ್ಘಾನಿಸ್ತಾನಕ್ಕೆ ಬರುತ್ತಲೇ ಈ ವಿವೇಕ ಮಾಯವಾಗುತ್ತದೆ. ಸೋವಿಯತ್ ವಾಯುನೆಲೆಯ ಸೆರೆಮನೆಯಲ್ಲಿ ಬಾಂಡ್‌ಗೆ ಸಿಗುವ ಕೈದಿ ಕಮ್ರಾನ್ ಶಾ. ಮಾಸಿದ ಬಟ್ಟೆಯ, ಕೆದರಿದ ಕೂದಲಿನ ಈ ಮನುಷ್ಯ ಮುಜಾಹಿದೀನ್‌ಗಳ ನಾಯಕ. ಮೈತೊಳೆದು ಬಂದ ಮೇಲೆ ಅವನ ಬಾಯಿಂದ ಹೊರಡುವುದು ಆಕ್ಸ್‌ಫರ್ಡ್‌ನ ಇಂಗ್ಲಿಷ್. ಅಫ್ಘಾನಿಯೊಬ್ಬ ನಂಬಿಕೆಗೆ ಅರ್ಹನೆನಿಸಲು ಅವನು ಆಕ್ಸ್‌ಫರ್ಡ್‌ನಲ್ಲಿ ಓದಿರಲೇಬೇಕೇ? ಅವನು ಧೈರ್ಯಶಾಲಿ, ಹಾಸ್ಯಪ್ರಜ್ಞೆಯುಳ್ಳವನು, ಗೆಳೆತನಕ್ಕೆ ಬೆಲೆ ಕೊಡುವವನು. ನಿಜ. ಆದರೆ ಅವನ ಮನೆ, ಹಳ್ಳಿ, ಕಳೆದುಕೊಂಡವರು, ಯುದ್ಧ ಮುಗಿದ ಮೇಲೆ ಅವನು ಕಟ್ಟಬಯಸುವ ನಾಡು, ಇವುಗಳ ಬಗ್ಗೆ ಚಿತ್ರಕ್ಕೆ ಕುತೂಹಲವೇ ಇಲ್ಲ. ಶೀತಲ ಸಮರಕ್ಕೆ ಅವನು ಬೇಕಿದ್ದ, ಬಳಸಿಕೊಂಡರು. ಆ ಬೆಟ್ಟಗುಡ್ಡಗಳು ಕೂಡ ಅಫ್ಘಾನಿಸ್ತಾನದವಲ್ಲ, ಮೊರಾಕ್ಕೋದವು.

ಶಸ್ತ್ರಾಸ್ತ್ರದ ವಿಷಯದಲ್ಲೂ ಹೀಗೆಯೇ. ಯುದ್ಧದಿಂದ ಹಣ ಮಾಡುವವನನ್ನು ಚಿತ್ರ ವಿಟೇಕರ್ ಎಂಬ ಒಬ್ಬ ಅರೆಹುಚ್ಚ ವ್ಯಾಪಾರಿಯಾಗಿ ತೋರಿಸುತ್ತದೆ. ಆಟಿಕೆ ಸೈನಿಕರ ಜತೆ ಆಡುವ ಅವನನ್ನು ನೋಡಿ ನಾವು ನಗುತ್ತೇವೆ. ಕಮ್ರಾನ್‌ನ ಪಡೆಗೆ ಕೋವಿ ಎಲ್ಲಿಂದ ಬಂತೆಂದು ಮಾತ್ರ ಯಾರೂ ಕೇಳುವುದಿಲ್ಲ. ಆ ವರ್ಷಗಳಲ್ಲಿ ಅಮೆರಿಕದ ಸಿಐಎ ಪಾಕಿಸ್ತಾನದ ಮೂಲಕ ಮುಜಾಹಿದೀನ್‌ಗಳಿಗೆ ಹಣ ಮತ್ತು ಆಯುಧ ಹರಿಸುತ್ತಿತ್ತು. 1989ರ ಫೆಬ್ರವರಿಯಲ್ಲಿ ಸೋವಿಯತ್ ಸೇನೆ ಹಿಂದಿರುಗಿತು, ಕೋವಿಗಳು ಅಲ್ಲೇ ಉಳಿದವು. 1992ರಿಂದ ಕಾಬೂಲ್ ನಗರವನ್ನು ಪುಡಿಗಟ್ಟಿದ್ದು ಪರಸ್ಪರ ಹೊಡೆದಾಡಿದ ಅದೇ ಬಣಗಳು.

ಕಮ್ರಾನ್ ಶಾ ಪಾತ್ರ ಮಾಡಿದವರು ಪಾಕಿಸ್ತಾನದಲ್ಲಿ ಹುಟ್ಟಿದ ಬ್ರಿಟಿಷ್ ನಟ ಆರ್ಟ್ ಮಲಿಕ್. ಏಳು ವರ್ಷಗಳ ನಂತರ, 1994ರಲ್ಲಿ, ‘ಟ್ರೂ ಲೈಸ್’ ಎಂಬ ಅಮೆರಿಕದ ಚಿತ್ರದಲ್ಲಿ ಅವರು ಅಣುಬಾಂಬು ಹಿಡಿದು ಬೆದರಿಸುವ ಭಯೋತ್ಪಾದಕನಾದರು. ಬದಲಾದದ್ದು ನೋಡುವವರ ಅಗತ್ಯ. ಬೇಕಾದಾಗ ವೀರ, ಬೇಡವಾದಾಗ ರಾಕ್ಷಸ. ಹೊಗಳಿಕೆಯೂ ತೆಗಳಿಕೆಯಷ್ಟೇ ಕುರುಡಾಗಿರಬಲ್ಲದು. ತೆರೆಯ ಮೇಲೆ ನಮ್ಮಂಥ ಹೆಸರಿನವನೊಬ್ಬ ಒಳ್ಳೆಯವನಾಗಿ ಬಂದರೆ ಹಿಗ್ಗುವ ನಾವು ಇದನ್ನು ನೆನಪಿಡಬೇಕು. ನಮಗೆ ಬೇಕಿರುವುದು ವೀರನ ಪಾತ್ರವಲ್ಲ, ಮನುಷ್ಯನ ಪಾತ್ರ.

ಚಿತ್ರದ ಕೊನೆಗೆ ವಿಯೆನ್ನಾದಲ್ಲಿ ಕಾರಾಳ ಕಚೇರಿ. ಕಮ್ರಾನ್ ಮತ್ತು ಅವನ ಸಂಗಡಿಗರು ಎದೆಗೆ ಗುಂಡಿನ ಪಟ್ಟಿ ಸುತ್ತಿಕೊಂಡು ತಡವಾಗಿ ಬರುತ್ತಾರೆ. ವಿಮಾನ ನಿಲ್ದಾಣದಲ್ಲಿ ಸ್ವಲ್ಪ ತೊಂದರೆಯಾಯಿತು ಎನ್ನುತ್ತಾನೆ ಕಮ್ರಾನ್. 1987ರಲ್ಲಿ ಅದು ತಮಾಷೆ. 2001ರ ನಂತರ ಹೆಸರಿನ ಕಾರಣಕ್ಕೇ ವಿಮಾನ ನಿಲ್ದಾಣಗಳಲ್ಲಿ ಗಂಟೆಗಟ್ಟಲೆ ನಿಂತವರಿಗೆ ಆ ಮಾತು ಕೇಳಿ ನಗು ಬಾರದು. ಅಂದು ಕಿಟಕಿಯಲ್ಲಿದ್ದ ಹುಡುಗಿಯನ್ನು ಬಾಂಡ್ ಒಂದು ಕ್ಷಣ ನಿಂತು ನೋಡಿದ, ಅವಳು ಬದುಕಿದಳು. ಅದೇ ಒಂದು ಕ್ಷಣದ ನೋಟವನ್ನು ಚಿತ್ರ ಅಫ್ಘಾನಿಗಳಿಗೆ ಕೊಡಲಿಲ್ಲ. ನಾವಾದರೂ ನಮ್ಮ ಎದುರು ನಿಂತವನಿಗೆ ಕೊಡುತ್ತಿದ್ದೇವೆಯೇ?